ಬಾಲವಿಲ್ಲದ ಪುಸ್ತಕ

ಊ ಚಿತ್ ಪೊನ್ ಬೆಳಿಗ್ಗೆ ಎದ್ದು ಮುಖ ತೊಳೆದು ಹಸಿರು ಚಹಾದ ಹೂಜಿಯ ಮುಂದೆ ಕೂತವನು ಬಿಸಿಲು ಹೊಸ್ತಿಲು ದಾಟಿ ಒಳಗೆ ಬಂದರೂ ಏಳಲಿಲ್ಲ. ಎದುರಿನ ಗೋಡೆಯ ಮೊಳೆಯಲ್ಲಿ ಕಂದು ಬಣ್ಣದ ಮೇಲಂಗಿ ತೂಗುತ್ತಿತ್ತು. ಬೀದಿಯ ಹೆಣ್ಣುಮಕ್ಕಳು ಅದನ್ನು ಇಸ್ತ್ರಿ ಮಾಡಿಸಿ ತಂದು ನೇತುಹಾಕಿ ಹೋಗಿದ್ದರು. ಒಳಗೆ ಯಾರೂ ಇಲ್ಲದಿದ್ದರೂ ಆ ಮೇಲಂಗಿಗೆ ಭುಜವಿತ್ತು, ಎದೆಯಿತ್ತು. ತನಗಿಂತ ಮರ್ಯಾದಸ್ಥನೊಬ್ಬ ಬಂದು ಗೋಡೆಗೊರಗಿ ನಿಂತು ತನ್ನನ್ನೇ ನೋಡುತ್ತಿದ್ದಾನೆ ಅನ್ನಿಸುತ್ತಿತ್ತು. ಸಂಜೆ ನಾಲ್ಕಕ್ಕೆ ಅದನ್ನು ತೊಟ್ಟುಕೊಂಡು ಚಪ್ಪರದಲ್ಲಿ ಕೂರಬೇಕು. ಜನ ಮಂಡಿಯೂರಿ ತನಗೆ ನಮಸ್ಕಾರ ಮಾಡಬೇಕು. ಪ್ರತಿವರ್ಷ ನಡೋ ತಿಂಗಳ ಚಳಿಯಲ್ಲಿ ಐರಾವತಿಯ ದಡದ ಪಖೊಕ್ಕುವಿನ ಬೀದಿಗಳಲ್ಲಿ ಸಾಹಿತ್ಯದ ಹಬ್ಬವಾಗುತ್ತದೆ, ವಯಸ್ಸಾದ ಬರಹಗಾರರನ್ನು ಕೂರಿಸಿ ಪೂಜಿಸುತ್ತಾರೆ. ಈ ಸಲ ಬೀದಿಯಲ್ಲಿ ಬರಹಗಾರ ಅನ್ನುವವರು ಒಬ್ಬರೂ ಬದುಕಿರಲಿಲ್ಲ. ಬರೆಯದಿದ್ದರೇನು, ಮೂವತ್ತೈದು ವರ್ಷ ಪುಸ್ತಕ ಬಾಡಿಗೆಗೆ ಕೊಟ್ಟು ಇಡೀ ಬೀದಿಗೆ ಓದು ಕಲಿಸಿದವನಲ್ಲವೇ ಎಂದು ಸಭೆ ಸೇರಿದವರು ಚಿತ್ ಪೊನ್‌ನ ಹೆಸರು ಹೇಳಿದ್ದರು. ಓದು ಕಲಿಸಿದವನು ಅನ್ನುವ ಮಾತು ಕೇಳಿದಂದಿನಿಂದ ಅವನು ಬೀದಿಯವರ ಮುಖ ನೋಡದೆ ಓಡಾಡುತ್ತಿದ್ದ.

ಶಾಲೆಯಲ್ಲಿ ಪಾಠ ಹೇಳುವ ಯಿನ್ ಮೇ ಅನ್ನುವ ಹುಡುಗಿ ಹಬ್ಬದ ಉಸ್ತುವಾರಿ ಹೊತ್ತಿದ್ದಳು. ಹತ್ತು ದಿನದ ಹಿಂದೆ ಬಂದು, ತಾತ, ನಿಮ್ಮ ಅಂಗಡಿಯ ಅಷ್ಟೂ ಪುಸ್ತಕದಲ್ಲಿ ಮನಸ್ಸಿನಿಂದ ಹೋಗದೆ ಉಳಿದದ್ದು ಯಾವುದು ಎಂದು ಕೇಳಿದಾಗ, ಅವನು ತಡೆದುಕೊಳ್ಳುವಷ್ಟರಲ್ಲಿ ‘ಮರಳ ದಿಣ್ಣೆಯ ಮನೆ’ ಎಂದು ಬಾಯಿಂದ ಬಂದುಬಿಟ್ಟಿತ್ತು. ಮಾರನೆಯ ದಿನವೇ ಅವಳು ಮಾಂಡಲೆಯಿಂದ ಯಾರ ಕೈಯಲ್ಲೋ ಅದರ ಹೊಸ ಮುದ್ರಣ ತರಿಸಿ ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು. ಇವತ್ತು ಬೆಳಿಗ್ಗೆ ಮತ್ತೆ ಬಂದಿದ್ದಳು. ನಿಮಗೆ ಆಶ್ಚರ್ಯ ಇರಲಿ ಅಂತ ಇಷ್ಟು ದಿನ ಹೇಳಿರಲಿಲ್ಲ ಅಂದಳು. ಓದುಗರ ಪರವಾಗಿ ಚುಟ್ಟಾ ಸುತ್ತುವ ಡೋ ಓನ್ ಚೀ ಮಾತಾಡುತ್ತಾರೆ, ಇದೇ ಪುಸ್ತಕದ ವಿಷಯ, ಕೊನೆಯಲ್ಲಿ ಆ ತೆಪ್ಪದವನು ತಲೆ ನರೆತು ವಾಪಸು ಬಂದು ದೀಪ ನೋಡಿ ಮನೆ ಗುರುತು ಹಿಡಿಯುತ್ತಾನಲ್ಲ, ಅದು ಹೇಗೆ ತಮ್ಮನ್ನು ಇಷ್ಟು ವರ್ಷ ಹಿಡಿದು ನಿಲ್ಲಿಸಿತು ಎಂದು ಹೇಳುತ್ತಾರೆ. ಕೇಳಿ ನಾನೇ ಅತ್ತುಬಿಟ್ಟೆ. ಪುಸ್ತಕ ಓದೋಕೆ ನನಗಿನ್ನೂ ಪುರಸೊತ್ತಾಗಿಲ್ಲ ತಾತ, ಆದರೆ ಓದಿದಷ್ಟೇ ಆಯಿತು. ಇನ್ನೊಂದು ಸಂತೋಷವೆಂದರೆ ರಂಗೂನಿನಿಂದ ಬರುವ ಅತಿಥಿ ಲೇಖಕರೇ ಈ ಹೊಸ ಮುದ್ರಣಕ್ಕೆ ಮುನ್ನುಡಿ ಬರೆದವರು. ಹೀಗೆ ಹೇಳಿ ಹುಡುಗಿ ಸೈಕಲ್ ಹತ್ತಿ ಹೋದಳು. ಚಿತ್ ಪೊನ್‌ನ ಕೈಯಲ್ಲಿದ್ದ ಬಟ್ಟಲು ಅಲ್ಲಿಯೇ ನಿಂತಿತು. ಪುಸ್ತಕವನ್ನು ಬಲ್ಲ ಮನುಷ್ಯನ ಎದುರು, ಇಡೀ ಬೀದಿಯ ಎದುರು, ಓನ್ ಚೀ ಎದ್ದು ನಿಂತು ಪುಸ್ತಕದಲ್ಲಿಲ್ಲದ ಕೊನೆಯನ್ನು ಹೇಳಲಿದ್ದಳು.

ಆ ಕೊನೆ ಅವನದು. ಅವನು ಹೇಳಿದ ಸುಳ್ಳು. ಚಿತ್ ಪೊನ್‌ಗೆ ಅಕ್ಷರ ಬರುತ್ತಿತ್ತು, ಓದು ಬರುತ್ತಿರಲಿಲ್ಲ. ವಿಹಾರದ ಶಾಲೆಯಲ್ಲಿ ಎರಡು ವರ್ಷ ಭಿಕ್ಷುಗಳ ಮುಂದೆ ಕೂತು ಪಾಠವನ್ನು ರಾಗವಾಗಿ ಕೂಗಿ ಕಲಿತವನು ಅವನು; ಕೂಗದೆ, ತುಟಿ ಅಲುಗದೆ ಕಣ್ಣಿನಲ್ಲೇ ಸಾಲು ಹಿಡಿದು ಓಡುವವರನ್ನು ಕಂಡರೆ ಅವನಿಗೆ ಇಂದಿಗೂ ಅದು ಕಣ್ಕಟ್ಟು ಅನ್ನಿಸುತ್ತದೆ. ಅವನ ಕೈಗೆ ಗೊತ್ತಿದ್ದದ್ದು ಹೊಲಿಗೆ. ಹೊಸ ಕಾದಂಬರಿ ಬಂದರೆ ಅದರ ತೆಳು ಹೊದಿಕೆ ಕಿತ್ತು, ದಪ್ಪಗಿದ್ದರೆ ನಡುವೆ ಎರಡು ಮಾಡಿ, ದಾರ ಹಾಕಿ ಹೊಲಿದು, ರಟ್ಟು ಅಂಟಿಸಿ, ಒಂದಕ್ಕೆ ತಲೆ ಇನ್ನೊಂದಕ್ಕೆ ಬಾಲ ಎಂದು ಹೆಸರಿಟ್ಟು ಹಲಗೆಯ ಮೇಲೆ ಜೋಡಿಸುತ್ತಿದ್ದ. ಒಬ್ಬರು ಬಾಲ ಓದುವಾಗ ಇನ್ನೊಬ್ಬರು ತಲೆ ಓದಬಹುದು. ಪುಸ್ತಕ ವಾಪಸು ಕೊಡಲು ಬಂದವರು ಬಾಗಿಲಿಗೆ ಒರಗಿ, ಕತೆ ಹೀಗಾಯಿತು ಹಾಗಾಯಿತು ಎಂದು ಹೇಳಿ ಮನಸ್ಸು ಹಗುರ ಮಾಡಿಕೊಂಡು ಹೋಗುತ್ತಿದ್ದರು. ಅವನು ಅದನ್ನೇ ಮುಂದೆ ಬಂದವರಿಗೆ, ಇದು ಓದಿ, ಇದರಲ್ಲಿ ಅತ್ತೆ ಕೊನೆಗೆ ಸೊಸೆಯ ಕಾಲು ಹಿಡಿಯುತ್ತಾಳೆ, ಎಂದು ಹೇಳುತ್ತಿದ್ದ. ಒಬ್ಬರ ಬಾಯಿಂದ ಬಂದದ್ದನ್ನು ಇನ್ನೊಬ್ಬರ ಕಿವಿಗೆ ಹಾಕುವುದರಲ್ಲಿ ಮೋಸವಿದೆಯೆಂದು ಅವನಿಗೆ ಆಗ ಅನಿಸಿರಲಿಲ್ಲ. ಚಿತ್ ಪೊನ್ ಓದದ ಪುಸ್ತಕವಿಲ್ಲ ಎಂದು ಬೀದಿಯಲ್ಲಿ ಮಾತು ಹುಟ್ಟಿತು. ಅವನು ಹೌದು ಅನ್ನಲಿಲ್ಲ. ಅಲ್ಲ ಅಂತಲೂ ಅನ್ನಲಿಲ್ಲ. ಆ ಮಾತನ್ನು ಹೊಸ ಲುಂಗಿಯಂತೆ ಉಟ್ಟುಕೊಂಡು ಓಡಾಡಿದ.

ರಟ್ಟಿಗೆ ಹಚ್ಚುವ ಅಕ್ಕಿಯ ಅಂಟಿಗೆ ಮೈಲುತುತ್ತ ಬೆರೆಸಬೇಕು. ಇಲ್ಲದಿದ್ದರೆ ಗೆದ್ದಲು ಅಂಟಿನ ಆಸೆಗೆ ಬಂದು ಕಾಗದವನ್ನೂ ಮುಗಿಸುತ್ತದೆ. ಇದು ಅವನಿಗೆ ಗೊತ್ತಿಲ್ಲದ್ದಲ್ಲ. ನನ್ನ ಅಂಗಡಿಯಲ್ಲಿ ಹುಳ ತಿಂದ ಪುಸ್ತಕ ತೋರಿಸಿದವರಿಗೆ ಒಂದು ವರ್ಷ ಪುಕ್ಕಟೆ ಓದು ಎಂದು ಜಂಬ ಕೊಚ್ಚಿದವನೇ ಅವನು. ‘ಮರಳ ದಿಣ್ಣೆಯ ಮನೆ’ ಅಂಗಡಿಗೆ ಬಂದ ವಾರ ಮೈಲುತುತ್ತ ಮುಗಿದಿತ್ತು, ನಾಳೆ ತಂದರಾಯಿತು ಅಂದುಕೊಂಡು ಬರೀ ಅಂಟು ಹಚ್ಚಿ, ಹೊಲಿದ ಬಾಲವನ್ನು ಒಣಗಲು ಮಣ್ಣು ನೆಲದ ಮೂಲೆಯಲ್ಲಿಟ್ಟು ಮರೆತ. ನೆನಪಾಗಿ ಎತ್ತಿದಾಗ ರಟ್ಟು ಹಗುರವಾಗಿತ್ತು, ಒಳಗೆ ಪುಟಗಳ ಜಾಗದಲ್ಲಿ ಮಣ್ಣಿನ ಸಣ್ಣ ಸಣ್ಣ ಓಣಿಗಳಿದ್ದವು. ಊರಿಗೆ ಬಂದದ್ದು ಅದೊಂದೇ ಪ್ರತಿ. ಬಾಲವನ್ನು ಇನ್ನೂ ಒಬ್ಬರೂ ಓದಿರಲಿಲ್ಲ, ಹಾಗಾಗಿ ಅದರಲ್ಲೇನಿತ್ತೆಂದು ಬಾಗಿಲಿಗೊರಗಿ ಹೇಳಿದವರೂ ಇರಲಿಲ್ಲ. ಅದನ್ನು ಒಲೆಗೆ ಹಾಕಿ ಬರುವಷ್ಟರಲ್ಲಿ ಓನ್ ಚೀ ಪುಸ್ತಕದ ತಲೆಯನ್ನು ಎದೆಗವಚಿಕೊಂಡು ಅಂಗಡಿಯ ಮುಂದೆ ನಿಂತಿದ್ದಳು.

ಆಗ ಅವಳಿಗೆ ಮೂವತ್ತೆರಡು. ಗಂಡ ಮೊಗೋಕಿನ ರತ್ನದ ಗಣಿಗೆ ಹೋಗಿ ಮೂರು ವರ್ಷ ಕಾಗದವಿಲ್ಲ. ಪುಸ್ತಕದಲ್ಲಿಯೂ ಒಬ್ಬಳು ಹೆಂಗಸು, ಮ ಪೂ. ಐರಾವತಿಯ ನಡುವೆ ಬೇಸಿಗೆಯಲ್ಲಿ ಎದ್ದ ಮರಳ ದಿಣ್ಣೆಯ ಮೇಲೆ ಬಿದಿರಿನ ಮನೆ. ತೇಗದ ತೆಪ್ಪದ ಮೇಲೆ ಕೆಳಗಿನ ಸೀಮೆಗೆ ಹೋದ ಗಂಡ ಬಂದಿಲ್ಲ. ಶಾಲೆಯ ಮೇಷ್ಟ್ರೊಬ್ಬ ಅವಳನ್ನು ಮದುವೆಗೆ ಕೇಳುತ್ತಿದ್ದಾನೆ. ತಲೆ ಅಲ್ಲಿಗೆ ಮುಗಿಯುತ್ತಿತ್ತು. ಗಾಣದ ತಾನ್ ಪೇ ಓನ್ ಚೀಯನ್ನು ಕೇಳುತ್ತಿದ್ದುದು ಬೀದಿಗೆಲ್ಲ ಗೊತ್ತಿತ್ತು, ಮದುವೆಯಾದರೆ ಮಗ್ವೇಗೆ ಹೋಗಿ ಅಲ್ಲಿ ಗಾಣ ಹಾಕುತ್ತೇನೆಂದು ಅವನು ಹೇಳಿಕೊಂಡಿದ್ದ. ಬಾಲ ಎಲ್ಲಿ ಎಂದು ಅವಳು ಕೇಳಿದಾಗ ಗೆದ್ದಲು ಅನ್ನುವ ಒಂದು ಮಾತು ಹೇಳಿದ್ದರೆ ಸಾಕಿತ್ತು. ಅವನು, ಚೌಕ್ ಊರಿನವರು ಯಾರೋ ಒಯ್ದಿದ್ದಾರೆ ಅಂದ. ಬರುವವರೆಗೆ ತಡೆಯುವುದಕ್ಕಾಗುವುದಿಲ್ಲ, ನೀವು ಓದಿದ್ದೀರಲ್ಲ ಅಣ್ಣ, ಹೇಳಿಬಿಡಿ, ಅವಳು ಕಾಯುತ್ತಾಳಾ ಹೋಗುತ್ತಾಳಾ, ಎಂದಳು. ಅವಳ ಕೆನ್ನೆಗೆ ಬಳಿದ ತನಖಾ ಮರದ ಗಂಧ ಒಣಗಿ ಬಿರುಕು ಬಿಟ್ಟಿದ್ದು ಅವನಿಗೆ ಈಗಲೂ ಕಾಣುತ್ತದೆ. ಅವನು ಹೇಳತೊಡಗಿದ. ಕಾಯುತ್ತಾಳೆ. ಹತ್ತನೆಯ ವರ್ಷ ಗಂಡ ಬರುತ್ತಾನೆ. ತಲೆ ನರೆತಿದೆ. ದೋಣಿಯಿಂದಲೇ ದೀಪ ನೋಡಿ, ಅದೇ ಮನೆ ಅನ್ನುತ್ತಾನೆ. ಹೇಳುತ್ತ ಹೇಳುತ್ತ ಅವನಿಗೇ ಕಣ್ಣು ತುಂಬಿತು. ಒಳಗಿನಿಂದ ಹೆಂಡತಿ, ಯಾರು ಬಂದಿರೋದು, ಎಂದು ಕೂಗಿದಾಗ ಯಾರೂ ಇಲ್ಲ ಅಂದ. ಆ ‘ಯಾರೂ ಇಲ್ಲ’ ಯಾಕೆ ಬಂತು? ಇಪ್ಪತ್ತೆಂಟು ವರ್ಷ ಅವನು ಆ ಪ್ರಶ್ನೆಯ ಅಂಚಿಗೆ ಬಂದು ಹಿಂದಿರುಗಿದ್ದಾನೆ. ಅವಳು ಮಗ್ವೇಗೆ ಹೋಗದಿರಲಿ ಎಂದಿತ್ತು ಅವನಿಗೆ. ಅವಳು ವಾರಕ್ಕೆರಡು ಸಲ ಬಂದು ಬಾಗಿಲಿಗೊರಗಿ ಕತೆ ಹೇಳುವುದು ನಿಲ್ಲದಿರಲಿ ಎಂದಿತ್ತು. ಅಷ್ಟೇ. ಕೈ ಮುಟ್ಟಿದವನಲ್ಲ, ಒಂದು ಮಾತು ಆಡಿದವನಲ್ಲ. ಅಷ್ಟೇ ಆದ್ದರಿಂದಲೇ ಅದು ಇನ್ನೂ ಸಣ್ಣದಾಗಿ, ಇನ್ನೂ ಅಸಹ್ಯವಾಗಿ ಕಾಣುತ್ತಿತ್ತು. ಆ ಮಳೆಗಾಲ ಕಳೆಯುವುದರೊಳಗೆ ಓನ್ ಚೀ ಒಲ್ಲೆ ಅಂದಳಂತೆ, ತಾನ್ ಪೇ ಬೇರೆ ಯಾರನ್ನೋ ಕಟ್ಟಿಕೊಂಡು ಹೋದ. ಮೊಗೋಕಿನಿಂದ ಯಾರೂ ಬರಲಿಲ್ಲ.

ಹೊಸ ಪ್ರತಿಯನ್ನು ಅವನು ಒಂಬತ್ತು ದಿನ ಬಾಗಿಲ ಬಿಸಿಲಿನಲ್ಲಿ ಕೂತು, ಸಾಲಿನ ಕೆಳಗೆ ಬೆರಳಿಟ್ಟು, ತುಟಿ ಅಲ್ಲಾಡಿಸುತ್ತ ಓದಿದ್ದ. ಬದುಕಿನಲ್ಲಿ ಮೊದಲ ಸಲ ಒಂದು ಪುಸ್ತಕವನ್ನು ಈ ತುದಿಯಿಂದ ಆ ತುದಿಗೆ ದಾಟಿದ್ದ. ಯಾರ ಬಾಯಿಂದ ಕೇಳಿದ ಕತೆಯಲ್ಲಿಯೂ ಇರದಿದ್ದದ್ದೇನೋ ಅದರಲ್ಲಿತ್ತು. ಮ ಪೂ ನೀರು ತರಲು ಹೋದರೆ ನಾಲ್ಕು ಸಾಲು ಬರೀ ಮರಳು ಸುಡುವುದೇ ಇರುತ್ತಿತ್ತು, ಅವನು ಬೆರಳೆಳೆದು ಎಳೆದು ಆ ನಾಲ್ಕು ಸಾಲು ದಾಟುವಾಗ ತನ್ನ ಅಂಗಾಲು ಎತ್ತಿ ಎತ್ತಿ ಇಡುತ್ತಿದ್ದ. ಕೊನೆಯ ಒಂಬತ್ತು ಪುಟದಲ್ಲಿ ಹೊಳೆ ಏರುತ್ತದೆ. ದಿಣ್ಣೆಯವರೆಲ್ಲ ಮನೆ ಬಿಚ್ಚಿ ದಡಕ್ಕೆ ಸಾಗಿಸುತ್ತಾರೆ. ಮ ಪೂ ಕೂಡ ಬಿಚ್ಚುತ್ತಾಳೆ. ಪ್ರತಿವರ್ಷ ಕತ್ತಿಯಿಂದ ಕೊಯ್ಯುತ್ತಿದ್ದ ಗಂಟುಗಳನ್ನು ಈ ಸಲ ಬೆರಳಿನಿಂದ, ಬೆರಳು ಸೋತರೆ ಹಲ್ಲಿನಿಂದ. ಒಂದೊಂದೂ ಗಂಡ ಹಾಕಲು ಕಲಿಸಿದ ಗಂಟು. ಕೊನೆಗೆ ಗಳಗಳ ಹೊರೆ ಹೊತ್ತು ದಡ ಹತ್ತುತ್ತಾಳೆ. ದಡದ ಮೇಲೆ ಮೇಷ್ಟ್ರು ನಿಂತಿದ್ದನೇ, ಗಂಡ ಮುಂದೆಂದಾದರೂ ಬಂದನೇ, ಒಂದು ಮಾತೂ ಇಲ್ಲ. ಪುಸ್ತಕ ಮುಚ್ಚಿದಾಗ ಚಿತ್ ಪೊನ್‌ಗೆ ಗೆದ್ದಲು ತಿಂದದ್ದು ಏನನ್ನು ಎಂದು ಗೊತ್ತಾಯಿತು.

ಹನ್ನೊಂದರ ಹೊತ್ತಿಗೆ ಅವನು ಪುಸ್ತಕವನ್ನು ಟವೆಲಿನಲ್ಲಿ ಸುತ್ತಿಕೊಂಡು ಹೊರಟ. ಚಹಾದಂಗಡಿಯ ಮುಂದೆ ನಾಲ್ಕು ಜನ ಎದ್ದು ನಿಂತರು. ಗುರುಗಳೇ, ಇವತ್ತು ದಾಡಿ ಹೆರೆಸಿಕೊಂಡು ಬನ್ನಿ, ಫೋಟೋ ತೆಗೆಯುತ್ತಾರೆ, ಎಂದು ಒಬ್ಬ ನಕ್ಕ. ಗುರುಗಳೇ ಅನ್ನುವುದು ತಮಾಷೆಯೋ ಗೌರವವೋ ತಿಳಿಯದೆ ಅವನು ಎರಡಕ್ಕೂ ಒಪ್ಪುವಂತೆ ತಲೆಯಾಡಿಸಿದ. ಇಷ್ಟು ವರ್ಷ ಹಾಗೆಯೇ ಆಡಿಸಿಕೊಂಡು ಬಂದಿದ್ದ ತಲೆ ಅದು.

ಓನ್ ಚೀ ಕಂಬಗಳ ಮೇಲೆ ನಿಂತ ತನ್ನ ಮನೆಯ ಕೆಳಗಿನ ನೆರಳಿನಲ್ಲಿ ಚಾಪೆ ಹಾಸಿ ಚುಟ್ಟಾ ಸುತ್ತುತ್ತಿದ್ದಳು. ತೊಡೆಯ ಮೇಲಿನ ತಟ್ಟೆಯಲ್ಲಿ ತಂಬಾಕಿನ ಪುಡಿ, ಪಕ್ಕದಲ್ಲಿ ಜೋಳದ ಸಿಪ್ಪೆಯ ಸುರುಳಿಗಳು. ತಲೆ ಎತ್ತದೆಯೇ ಹೆಜ್ಜೆಯ ಸದ್ದಿನಿಂದ ಗುರುತು ಹಿಡಿದಳು.

“ಏನಣ್ಣ, ಮದುಮಗ ಇಷ್ಟು ಬೇಗ ಹೊರಟುಬಿಟ್ಟಿದೀಯ. ನಾಲ್ಕಕ್ಕೆ ಅಲ್ವಾ?”

ಅವನು ಕೂತ. ಟವೆಲು ಬಿಚ್ಚಿ ಪುಸ್ತಕ ಚಾಪೆಯ ಮೇಲಿಟ್ಟ. ಅವಳು ಹೊದಿಕೆ ನೋಡಿದಳು, ಕೈಯನ್ನು ಲುಂಗಿಗೆ ಒರೆಸಿಕೊಂಡಳು, ಆದರೆ ಮುಟ್ಟಲಿಲ್ಲ.

“ಅಂತೂ ಚೌಕಿನವರು ವಾಪಸ್ ಕೊಟ್ರು ಅನ್ನು.”

“ಚೌಕಿನವರು ಅಂತ ಯಾರೂ ಇರಲಿಲ್ಲ ಓನ್ ಚೀ. ಬಾಲ ಗೆದ್ದಲು ತಿಂತು. ನಾನು ಅದನ್ನ ಓದಿರಲಿಲ್ಲ. ಯಾವ ಪುಸ್ತಕಾನೂ ಓದಿರಲಿಲ್ಲ. ನಿಂಗೆ ಹೇಳಿದ್ದು ನಾನೇ ಕಟ್ಟಿದ್ದು.”

ಅವಳು ಕೈಯಲ್ಲಿದ್ದ ಚುಟ್ಟಾ ಸುತ್ತಿ ಮುಗಿಸಿದಳು. ತುದಿ ಕತ್ತರಿಸಿದಳು. ಅದನ್ನು ಉಳಿದವುಗಳ ಸಾಲಿಗೆ ಸೇರಿಸಿ ಸಾಲು ನೆಟ್ಟಗೆ ಮಾಡಿದಳು. ಅವನು ಉಳಿದದ್ದನ್ನೂ ಹೇಳಿದ. ತಾನ್ ಪೇ, ಮಗ್ವೇ, ಅವಳು ಅಂಗಡಿಗೆ ಬರುವುದು ನಿಂತುಹೋಗುತ್ತದೆಂಬ ಭಯ. ಹೇಳುವಾಗ ಅವಳ ಮುಖ ನೋಡಲಾರದೆ ತಂಬಾಕಿನ ತಟ್ಟೆಯನ್ನು ನೋಡುತ್ತಿದ್ದ. ಎಪ್ಪತ್ತನಾಲ್ಕು ವರ್ಷದ ಮುದುಕ ಇಂಥ ಮಾತು ಹೇಳಿದರೆ ಎಷ್ಟು ವಿಕಾರವಾಗಿ ಕೇಳುತ್ತದೆಂದು ತನ್ನದೇ ದನಿಯಿಂದ ತಿಳಿಯುತ್ತಿತ್ತು. ಅವಳ ಭುಜ ಅಲುಗಿತು. ಅಳುತ್ತಿದ್ದಾಳೆಂದು ಕಣ್ಣೆತ್ತಿದರೆ ಅವಳು ನಗುತ್ತಿದ್ದಳು.

“ನಿನ್ನ ಮಾತು ಕೇಳಿ ನಾನು ತಾನ್ ಪೇನ ಬಿಟ್ಟೆ ಅಂತ ಇಷ್ಟು ವರ್ಷ ಅಂದ್ಕೊಂಡಿದ್ಯಾ? ಅವನ ಮೈಯೆಲ್ಲಾ ಎಳ್ಳಿನ ಹಿಂಡಿ ವಾಸನೆ ಅಣ್ಣ. ಪಕ್ಕದಲ್ಲಿ ಕೂತ್ರೆ ನಂಗೆ ತಲೆನೋವು ಬರ್ತಿತ್ತು.”

ಎದೆಯಿಂದ ಏನೋ ಇಳಿದಂತಾಯಿತು. ಇಳಿದ ಜಾಗದಲ್ಲಿ ತಕ್ಷಣ ಇನ್ನೊಂದು ಬಂದು ಕೂತಿತು. ಒಬ್ಬಳ ಬದುಕು ಕೆಡಿಸಿದೆನೆಂದು ಇಪ್ಪತ್ತೆಂಟು ವರ್ಷ ನವೆದನಲ್ಲ, ಆ ನವೆತದೊಳಗೂ ತನ್ನ ಮಾತಿಗೆ ಅಷ್ಟು ಬಲವಿತ್ತೆಂಬ ಹೆಮ್ಮೆ ಅಡಗಿ ಕೂತಿತ್ತೇ? ಕೆಡಿಸುವಷ್ಟು ದೊಡ್ಡವನೂ ತಾನಾಗಿರಲಿಲ್ಲವೆಂದು ಕೇಳಿ ನೆಮ್ಮದಿಯಾಗಬೇಕಾದ ಕಡೆ ಅವನಿಗೆ ಮುಖಭಂಗವಾದಂತಾಯಿತು. ಆ ಮುಖಭಂಗವನ್ನು ಗುರುತಿಸಿ ಇನ್ನೂ ನಾಚಿದ. ಅಷ್ಟರಲ್ಲಿ ಓನ್ ಚೀ ಪುಸ್ತಕ ಎತ್ತಿಕೊಂಡು ಹಿಂದಿನಿಂದ ಪುಟ ತಿರುವಿ, ಎಲ್ಲಿಂದ, ಎಂದು ಕೇಳಿದಳು. ಹೊಳೆ ಏರುವಲ್ಲಿಂದ ಅಂದ.

ಅವಳು ಓದಿದಳು. ಮೊದಲು ನಗುವಿನ ಅಂಚು ಬಾಯಿಯ ಮೂಲೆಯಲ್ಲಿತ್ತು. ಎರಡನೆಯ ಪುಟಕ್ಕೆ ಅದು ಇರಲಿಲ್ಲ. ನೆರಳು ಚಾಪೆಯ ಅರ್ಧಕ್ಕೆ ಸರಿಯಿತು, ಬಿಸಿಲು ತಂಬಾಕಿನ ತಟ್ಟೆಯ ಮೇಲೆ ಬಿತ್ತು. ತಂಬಾಕು ಒಣಗಿ ಹೋದೀತೆಂದು ಅವನು ತಟ್ಟೆಯನ್ನು ಎಳೆದು ನೆರಳಿಗಿಟ್ಟರೂ ಅವಳಿಗೆ ತಿಳಿಯಲಿಲ್ಲ. ಒಂದು ಪುಟದಲ್ಲಿ ಅವಳು ಬಹಳ ಹೊತ್ತು ನಿಂತಳು. ಅವಳ ಹೆಬ್ಬೆರಳು ಮತ್ತು ತೋರುಬೆರಳು ಒಂದಕ್ಕೊಂದು ಉಜ್ಜುತ್ತ, ಇಲ್ಲದ ಯಾವುದನ್ನೋ ಸಡಿಲಿಸುತ್ತಿದ್ದವು. ಹೇಗೆ ಮುಗಿಯುತ್ತದೆ ಎಂದು ಜನ ಕೇಳುತ್ತಿದ್ದರು, ಚಿತ್ ಪೊನ್ ಹೇಳುತ್ತಿದ್ದ, ಹೇಳಿದ್ದು ಕತೆಯೆಂದೇ ತಿಳಿದಿದ್ದ. ಎದುರಿಗೆ ಕೂತ ಈ ಹೆಂಗಸು ಈಗ ಎಲ್ಲಿದ್ದಾಳೋ ಅಲ್ಲಿಗೆ ಅವನ ಮಾತು ಯಾರನ್ನೂ ಕಳಿಸಿರಲಿಲ್ಲ. ಅವಳು ಕೊನೆಯ ಪುಟ ಮುಗಿಸಿ, ಮುಂದೆ ಇನ್ನೇನಾದರೂ ಇದೆಯೇ ಎಂದು ಖಾಲಿ ಹಾಳೆ ತಿರುವಿ ನೋಡಿದಳು.

“ಇದರಲ್ಲಿ ಅವನು ಬರೋದೇ ಇಲ್ವಲ್ಲ,” ಎಂದಳು.

“ಇಲ್ಲ.”

“ತಾನ್ ಪೇ ವಿಷಯ ಬಿಡು. ನಾನು ಹೇಳ್ತಿರೋದು ಮಿಕ್ಕ ದಿನಗಳದ್ದು. ದಿನಾ ಸಂಜೆ ದೀಪ ಹಚ್ಚಿದೆನಲ್ಲ, ಅದು.” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಲೆಕ್ಕ ತಪ್ಪಿದವಳ ಹಾಗೆ ಮಾತಾಡುತ್ತಿದ್ದಳು. “ಇದು ಆಗ ಕೈಗೆ ಬಂದಿದ್ರೆ ನಾನೇನು ಮಾಡ್ತಿದ್ದೆ ಅಂತ ನಂಗೆ ಗೊತ್ತಿಲ್ಲ. ದೀಪ ಹಚ್ತಾನೇ ಇರ್ತಿದ್ದೆನೋ ಏನೋ. ಅದನ್ನ ಓದಿ ತಿಳ್ಕೊಳ್ಳೋದು ನನ್ನ ಪಾಲಿಂದಾಗಿತ್ತು ಅಣ್ಣ. ನೀನು ಅದನ್ನ ತಿಂದೆ.”

ಅವನು ಟವೆಲು ಮಡಿಸಿ ಎತ್ತಿಕೊಂಡ. ಪುಸ್ತಕ ಇಲ್ಲೇ ಬಿಟ್ಟು ಹೋಗು ಎಂದಳು. ತಾನು ಸಂಜೆ ಮಾತಾಡುವುದಿಲ್ಲ, ಯಿನ್ ಮೇಗೆ ತಾನೇ ಹೇಳಿಕೊಳ್ಳುತ್ತೇನೆ ಎಂದಳು. ಅವನು ಏಳುವಾಗ ಮಂಡಿ ಹಿಡಿಯಿತು. ಎಂದಿನಂತೆ ಕೈ ಕೊಡಲು ಅವಳು ಮುಂದೆ ಬರಲಿಲ್ಲ. ಮೆಟ್ಟಿಲ ಕಂಬ ಹಿಡಿದು ತಾನೇ ಎದ್ದ.

ನಾಲ್ಕಕ್ಕೆ ಚಪ್ಪರ ತುಂಬಿತ್ತು. ಮೇಲಂಗಿ ಕಂಕುಳಲ್ಲಿ ಬಿಗಿಯುತ್ತಿತ್ತು. ಸಾಹಿತ್ಯವೆಂದರೇನು ಎಂಬ ವಿಷಯದ ಮೇಲೆ ರಂಗೂನಿನ ಅತಿಥಿ ರಾತ್ರಿ ಮಾತಾಡುವವರಿದ್ದರು; ಅದಕ್ಕೆ ಮೊದಲು, ಇಷ್ಟು ಪುಸ್ತಕಗಳ ನಡುವೆ ಬದುಕಿದ ಹಿರಿಯರು ಎರಡು ಮಾತು ಹೇಳಲಿ ಎಂದು ಯಿನ್ ಮೇ ಧ್ವನಿವರ್ಧಕವನ್ನು ಅವನ ಬಾಯಿಗೆ ಹಿಡಿದಳು. ಅವನು ಹೇಳಿದ. “ನಾನು ಪುಸ್ತಕ ಓದಿದವನಲ್ಲ. ಒಂದೇ ಒಂದು ಓದಿದೀನಿ, ಅದೂ ನಿನ್ನೆ ಮುಗೀತು. ನಿಮಗೆಲ್ಲ ಸುಳ್ಳು ಹೇಳಿದೀನಿ.” ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು, ಚಹಾದಂಗಡಿಯವರು ನಕ್ಕರು, ಇಡೀ ಚಪ್ಪರ ಪ್ರೀತಿಯಿಂದ ನಕ್ಕಿತು. ಅತಿಥಿ ಪಕ್ಕಕ್ಕೆ ವಾಲಿ, ನಿಜವಾಗಿ ಓದಿದವರು ಮಾತ್ರ ಹೀಗೆ ಹೇಳಬಲ್ಲರು ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಚಪ್ಪಾಳೆ ತಟ್ಟಿದರು. ನಿಜ ಹೇಳುತ್ತಿದ್ದೇನೆ ಎಂದು ಚಿತ್ ಪೊನ್ ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಚಪ್ಪಾಳೆ ಇನ್ನೂ ಜೋರಾಯಿತು, ಧ್ವನಿವರ್ಧಕ ಬೇರೆ ಕಡೆಗೆ ಹೋಯಿತು.

ನಮಸ್ಕಾರಕ್ಕೆ ಕರೆದರು. ಚಾಪೆಯ ಮೇಲಿದ್ದವರೆಲ್ಲ ಮಂಡಿಯೂರಿ, ಕೈ ಜೋಡಿಸಿ, ಹಣೆ ನೆಲಕ್ಕೆ ತಾಗುವಂತೆ ಬಾಗಿದರು. ಹಿರಿಯ ಬಾಯಿಬಿಟ್ಟು ಹರಸುವವರೆಗೆ ಯಾರೂ ತಲೆ ಎತ್ತುವಂತಿಲ್ಲ. ಸಾಲು ಸಾಲು ಬೆನ್ನುಗಳ ನಡುವೆ, ಮೂರನೆಯ ಸಾಲಿನಲ್ಲಿ, ಓನ್ ಚೀ ಒಬ್ಬಳು ನೆಟ್ಟಗೆ ಕೂತಿದ್ದಳು. ಪುಸ್ತಕ ತೊಡೆಯ ಮೇಲಿತ್ತು. ಎಡಗೈಯ ಕೆಳಗೆ ನಾಲ್ಕೈದು ಹಾಳೆ ಮಾತ್ರ, ಮೊದಲಿನಿಂದ ಓದತೊಡಗಿದ್ದಳು. ಅವಳು ತನ್ನನ್ನು ನೋಡಲಿ ಎಂದು ಅವನು ಕಾದ. ಅವಳು ನೋಡಲಿಲ್ಲ. ಹರಸಿ ತಾತ, ಎಂದು ಯಿನ್ ಮೇ ಬಾಗಿದಲ್ಲಿಂದಲೇ ಪಿಸುಗುಟ್ಟಿದಳು. ಆಯುಸ್ಸು, ಆರೋಗ್ಯ, ವಿದ್ಯೆ, ಎಲ್ಲರೂ ಹೇಳುವ ಮಾತುಗಳು ನಾಲಿಗೆಯ ತುದಿಯವರೆಗೆ ಬಂದವು. ಒಂದೊಂದೂ ಯಾರದೋ ಬಾಯಿಂದ ಕೇಳಿ ಇಟ್ಟುಕೊಂಡದ್ದಾಗಿತ್ತು. ಮುಂದಿನ ಸಾಲಿನಲ್ಲಿ ಒಬ್ಬ ಮುದುಕಿಯ ಬೆನ್ನು ಬಾಗಿ ಬಾಗಿ ನಡುಗತೊಡಗಿತು. ಅವನು ಬಾಯಿ ತೆರೆದುಕೊಂಡು ಕೂತಿದ್ದ. ಓನ್ ಚೀ ಬೆರಳು ಒದ್ದೆ ಮಾಡಿಕೊಂಡು ಪುಟ ತಿರುವಿದಳು.